ವಿಂಚು: ಅದರ ಅಂಗಗಳೂ ಅವುಗಳ ಕೆಲಸವೂ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲು ಊರಿಗಾಂ ನಿಲ್ದಾಣವನ್ನು ದಾಟಿ ಚಾಂಪಿಯನ್ ರೀಫ್ಸ್ ಅನ್ನು ಸಮೀಪಿಸುತ್ತಿದ್ದಂತೆ ಪ್ರಯಾಣಿಕನ ಕಣ್ಣಿಗೆ ಬೂದುಬಣ್ಣದ ಗುಡ್ಡಗಳು ಬೀಳುತ್ತವೆ. ಇವು ಪ್ರಕೃತಿ ನಿರ್ಮಿಸಿದ ಗುಡ್ಡಗಳಲ್ಲ. ಗಣಿಯಿಂದ ತಂದ ಕಲ್ಲನ್ನು ಹಿಟ್ಟಿನಂತೆ ಅರೆದು, ಅದರಲ್ಲಿದ್ದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯನ್ನು ವರ್ಷಗಟ್ಟಲೆ ಸುರಿದುದರಿಂದ ಆದ ರಾಶಿಗಳು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಇಲ್ಲಿ ಕೆಲಸವನ್ನು ಕೈಗೊಂಡ ಕಾಲದಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವರೆಗೆ, ಈ ಕಲ್ಲು ಬಹುಮಟ್ಟಿಗೆ ಉಕ್ಕಿನ ಹಗ್ಗದ ತುದಿಯಲ್ಲಿ ತೂಗಿಕೊಂಡೇ ಮೇಲೆ ಬಂದುದು. ಕಲ್ಲು ಮಾತ್ರವಲ್ಲ, ಪ್ರತಿಯೊಂದು ಪಾಳಿಯಲ್ಲಿಯೂ ಕೆಲಸಗಾರರು ಅದೇ ಬಗೆಯ ಹಗ್ಗವನ್ನು ನಂಬಿ ಪಾತಾಳಕ್ಕೆ ಇಳಿದು, ಅದನ್ನೇ ನಂಬಿ ಮನೆಗೆ ಹಿಂದಿರುಗುತ್ತಿದ್ದರು.

ಆ ಹಗ್ಗವನ್ನು ಸುತ್ತುತ್ತಿದ್ದ ಯಂತ್ರಕ್ಕೆ ವೈಂಡಿಂಗ್ ಎಂಜಿನ್ನು ಎಂದು ಹೆಸರು. ಕಾಡುದಾರಿಯಲ್ಲಿಯೂ ಕೆಸರಿನಲ್ಲಿಯೂ ಓಡಾಡುವ ಜೀಪಿನ ಮುಂಭಾಗಕ್ಕೆ ಒಂದು ಪುಟ್ಟ ಯಂತ್ರವನ್ನು ಬಿಗಿದಿರುವುದನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ಅದಕ್ಕೆ ವಿಂಚು ಎನ್ನುತ್ತಾರೆ. ಹೂತುಹೋದ ಗಾಡಿಯನ್ನು ಮರಕ್ಕೋ ಬಂಡೆಗೋ ಹಗ್ಗ ಕಟ್ಟಿ ಎಳೆದುಕೊಳ್ಳುವುದು ಅದರ ಕೆಲಸ. ಒಂದು ಯಂತ್ರ ಕಟ್ಟಡದಷ್ಟು ದೊಡ್ಡದು, ಇನ್ನೊಂದು ಒಬ್ಬಿಬ್ಬರು ಎತ್ತಬಹುದಾದಷ್ಟು ಚಿಕ್ಕದು. ಆದರೂ ಇವೆರಡೂ ಒಂದೇ ಕುಟುಂಬಕ್ಕೆ ಸೇರಿದುವು. ಅಂಗಗಳೂ ಬಹುಪಾಲು ಅವೇ. ಆದಕಾರಣ ಒಂದನ್ನು ಪಕ್ಕದಲ್ಲಿಟ್ಟುಕೊಂಡು ಇನ್ನೊಂದನ್ನು ನೋಡಿದರೆ ಎರಡೂ ಸುಲಭವಾಗಿ ತಿಳಿಯುತ್ತವೆ.

ವಿಂಚನ್ನು ಎಳೆಯುವ ಯಂತ್ರವೆಂದು ಎಲ್ಲರೂ ಭಾವಿಸುತ್ತಾರೆ. ಅದು ಅರ್ಧ ಸತ್ಯ. ಎಳೆದುದನ್ನು ಹಿಂದಕ್ಕೆ ಜಾರಗೊಡದೆ ಹಿಡಿದಿರುವುದೇ ಅದರ ಮುಖ್ಯವಾದ ಕೆಲಸ. ಭಾರವು ಸದಾಕಾಲವೂ ತಾನು ಬಂದ ದಾರಿಯಲ್ಲಿಯೇ ಹಿಂದಿರುಗಲು ಹವಣಿಸುತ್ತಿರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ವಿಂಚಿನ ಒಂದೊಂದು ಅಂಗವೂ ಏಕೆ ಇದೆ ಎಂಬುದು ತಾನಾಗಿ ವಿಶದವಾಗುತ್ತದೆ.

ಡ್ರಮ್ಮು

ಪಂಪುಗಳು ಬರುವುದಕ್ಕೆ ಮುಂಚೆ ನಮ್ಮ ಬಯಲುಸೀಮೆಯ ರೈತರು ಕಪಿಲೆಯಿಂದ ಬಾವಿಯ ನೀರನ್ನು ಎತ್ತುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದಂತೆಲ್ಲ, ರಾಟೆಯ ಮೇಲೆ ಹಾದ ಹಗ್ಗವು ನೀರಿನ ಬಾನಿಯನ್ನು ಮೇಲಕ್ಕೆ ತರುತ್ತಿತ್ತು. ಇಲ್ಲಿ ಬಾವಿಯು ಎಷ್ಟು ಆಳವೋ ಅಷ್ಟು ದೂರ ಎತ್ತುಗಳು ನಡೆಯಲೇಬೇಕು. ಬಾವಿಯ ಆಳ 2 ಕಿಲೋಮೀಟರಾದರೆ ಎತ್ತುಗಳೂ ಒಂದೊಂದು ಸಲಕ್ಕೆ 2 ಕಿಲೋಮೀಟರು ನಡೆಯಬೇಕಾದೀತು. ಹಗ್ಗವನ್ನು ಒಂದು ಉರುಳೆಯ ಮೇಲೆ ಸುತ್ತುವಂತೆ ಮಾಡಿದರೆ ಈ ತೊಂದರೆ ಇಲ್ಲ. ಎಳೆಯುವವನು ನಿಂತ ಸ್ಥಳದಲ್ಲಿಯೇ ಇದ್ದು ಎಷ್ಟು ಉದ್ದದ ಹಗ್ಗವನ್ನಾದರೂ ಸೇದಿಕೊಳ್ಳಬಹುದು. ಈ ಉರುಳೆಗೆ ಡ್ರಮ್ಮು ಎಂದು ಹೆಸರು. ಇದೇ ವಿಂಚಿನ ಹೃದಯ.

ಡ್ರಮ್ಮಿನ ವಿಷಯದಲ್ಲಿ ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ಡ್ರಮ್ಮನ್ನು ತಿರುಗಿಸುವ ತಿರುಚುಬಲ ಒಂದೇ ಆಗಿದ್ದರೂ ಹಗ್ಗದಲ್ಲಿ ದೊರೆಯುವ ಎಳೆತ ಒಂದೇ ಆಗಿರುವುದಿಲ್ಲ. ತಿರುಚುಬಲವನ್ನು ತ್ರಿಜ್ಯದಿಂದ ಭಾಗಿಸಿದರೆ ಎಳೆತ ಬರುತ್ತದೆ. ಹಗ್ಗವು ಪದರದ ಮೇಲೆ ಪದರವಾಗಿ ಸುತ್ತಿಕೊಂಡಂತೆ ತ್ರಿಜ್ಯ ಹೆಚ್ಚುತ್ತದೆ, ಎಳೆತ ಕುಗ್ಗುತ್ತದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಜೀಪಿನ ವಿಂಚೊಂದರ ಡ್ರಮ್ಮಿನ ವ್ಯಾಸ 64 ಮಿಲಿಮೀಟರು, ಹಗ್ಗದ ದಪ್ಪ 9 ಮಿಲಿಮೀಟರು ಇರಲಿ. ಹಗ್ಗದ ನಡುಗೆರೆಯನ್ನು ಹಿಡಿದು ಅಳೆದರೆ ಮೊದಲನೆಯ ಪದರದ ವ್ಯಾಸ 73, ಎರಡನೆಯದು 91, ಮೂರನೆಯದು 109, ನಾಲ್ಕನೆಯದು 127 ಮಿಲಿಮೀಟರು ಆಗುತ್ತದೆ. ಮೊದಲನೆಯ ಪದರದಲ್ಲಿ ಎಳೆತ 4000 ಕಿಲೋಗ್ರಾಂ ಎಂದಾದರೆ, ಎರಡನೆಯದರಲ್ಲಿ ಅದು ಸುಮಾರು 3200, ಮೂರನೆಯದರಲ್ಲಿ 2680, ನಾಲ್ಕನೆಯದರಲ್ಲಿ 2300 ಕಿಲೋಗ್ರಾಂಗೆ ಇಳಿಯುತ್ತದೆ. ವಿಂಚಿನ ಮೇಲೆ ಕೆತ್ತಿರುವ ಸಂಖ್ಯೆ ಮೊದಲನೆಯ ಪದರಕ್ಕೆ ಮಾತ್ರ ಅನ್ವಯಿಸುತ್ತದೆ. ಇದನ್ನು ತಿಳಿಯದವನು ಹಗ್ಗದ ಬಹುಭಾಗ ಡ್ರಮ್ಮಿನ ಮೇಲೆಯೇ ಇರುವಾಗ ಎಳೆಯಲು ತೊಡಗಿ, ಯಂತ್ರ ಕೆಟ್ಟಿದೆಯೆಂದು ದೂರುವನು.

ಆಳವಾದ ಗಣಿಯಲ್ಲಿ ಇದೇ ನಿಯಮವು ಉಪಕಾರಿಯಾಗುವಂತೆ ಮಾಡಿಕೊಳ್ಳಬಹುದು. ಪಂಜರವು ತಳದಲ್ಲಿದ್ದಾಗ ತೂಗಿರುವ ಹಗ್ಗ ಬಹಳ ಉದ್ದವಾಗಿದ್ದು ಭಾರ ಅತ್ಯಧಿಕವಾಗಿರುತ್ತದೆ. ಮೇಲೆ ಬಂದಂತೆಲ್ಲ ಹಗ್ಗವು ಗಿಡ್ಡವಾಗಿ ಭಾರ ಇಳಿಯುತ್ತದೆ. ಇದಕ್ಕೆ ಹೊಂದುವಂತೆ ಕೆಲವು ವೈಂಡಿಂಗ್ ಎಂಜಿನ್ನುಗಳ ಡ್ರಮ್ಮನ್ನು ಶಂಕುವಿನ ಆಕಾರದಲ್ಲಿ ನಿರ್ಮಿಸುತ್ತಾರೆ. ಭಾರ ಹೆಚ್ಚಿರುವಾಗ ಹಗ್ಗವು ಚಿಕ್ಕ ವ್ಯಾಸದ ಮೇಲೆಯೂ, ಭಾರ ಇಳಿದ ಮೇಲೆ ದೊಡ್ಡ ವ್ಯಾಸದ ಮೇಲೆಯೂ ಸುತ್ತಿಕೊಳ್ಳುತ್ತದೆ. ಇದಲ್ಲದೆ ಸಾಮಾನ್ಯವಾಗಿ ಎರಡು ಪಂಜರಗಳನ್ನು ಹೂಡಿ, ಒಂದು ಏರುವಾಗ ಇನ್ನೊಂದು ಇಳಿಯುವಂತೆ ಮಾಡುತ್ತಾರೆ. ತಕ್ಕಡಿಯ ಎರಡು ತಟ್ಟೆಗಳಂತೆ ಪಂಜರಗಳ ತೂಕ ಒಂದನ್ನೊಂದು ಸರಿದೂಗಿಸುವುದರಿಂದ ಎಂಜಿನ್ನಿನ ಶ್ರಮ ಕಡಿಮೆಯಾಗುತ್ತದೆ.

ಹಗ್ಗದ ಕೊನೆಯನ್ನು ಡ್ರಮ್ಮಿಗೆ ಒಂದು ತಿರುಪಿನಿಂದಲೋ ಬೆಣೆಯಿಂದಲೋ ಬಿಗಿದಿರುತ್ತಾರೆ. ಜೀಪಿನ ವಿಂಚಿನಲ್ಲಿ ಈ ತಿರುಪು ಬಹಳ ಚಿಕ್ಕದು. 4000 ಕಿಲೋಗ್ರಾಂ ಎಳೆತವನ್ನು ಅದು ತಡೆಯಲಾರದು. ತಡೆಯಬೇಕಾಗಿಯೂ ಇಲ್ಲ. ಆ ಕೆಲಸವನ್ನು ಮಾಡುವುದು ಘರ್ಷಣೆ. ಉಕ್ಕಿನ ಹಗ್ಗಕ್ಕೂ ಉಕ್ಕಿನ ಡ್ರಮ್ಮಿಗೂ ನಡುವಣ ಘರ್ಷಣಾಂಕ 0.15 ಎಂದಿಟ್ಟುಕೊಂಡರೆ, ಒಂದೊಂದು ಸುತ್ತಿಗೂ ಹಗ್ಗದ ಬಿಗಿತ ಎರಡೂವರೆಯಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಐದು ಸುತ್ತುಗಳಾಗುವ ವೇಳೆಗೆ ಅದು ಸುಮಾರು ನೂರರಲ್ಲಿ ಒಂದು ಪಾಲು ಮಾತ್ರ. 4000 ಕಿಲೋಗ್ರಾಂ ಎಳೆತದಲ್ಲಿ ತಿರುಪಿಗೆ ತಗಲುವುದು 40 ಕಿಲೋಗ್ರಾಂ ಅಷ್ಟೆ. ಆದುದರಿಂದಲೇ ಎಷ್ಟೇ ಅಗತ್ಯವಿದ್ದರೂ ಕಡೆಯ ಐದು ಸುತ್ತುಗಳನ್ನು ಡ್ರಮ್ಮಿನಿಂದ ಬಿಚ್ಚಬಾರದೆಂಬ ನಿಯಮ. ಕೃತಕ ನಾರಿನ ಹಗ್ಗವು ಹೆಚ್ಚು ಜಾರುವ ಸ್ವಭಾವದ್ದಾದುದರಿಂದ ಅದಕ್ಕೆ ಎಂಟು ಹತ್ತು ಸುತ್ತುಗಳು ಬೇಕು. ಇದನ್ನು ಪ್ರತ್ಯಕ್ಷವಾಗಿ ನೋಡಬೇಕೆನ್ನುವವರು ಶಾಲೆಯ ಜಗಲಿಯ ಕಂಬಕ್ಕೆ ಒಂದು ಹಗ್ಗವನ್ನು ಮೂರು ಸುತ್ತು ಸುತ್ತಿ, ಒಂದು ಕೊನೆಯನ್ನು ಬಲಿಷ್ಠನಾದ ಗೆಳೆಯನಿಗೆ ಕೊಟ್ಟು, ಇನ್ನೊಂದನ್ನು ತಾವು ಎರಡು ಬೆರಳುಗಳಲ್ಲಿ ಹಿಡಿಯಲಿ. ಗೆಳೆಯನು ಎಷ್ಟು ಎಳೆದರೂ ಹಗ್ಗ ಕದಲುವುದಿಲ್ಲ.

ಮೋಟಾರೂ ಹಲ್ಲುಗಾಲಿಗಳೂ

ಡ್ರಮ್ಮನ್ನು ತಿರುಗಿಸಲು ಶಕ್ತಿ ಬೇಕು. ಕೋಲಾರದ ಗಣಿಗಳಲ್ಲಿ ಮೊದಲು ಆ ಶಕ್ತಿ ಉಗಿಯಿಂದ ದೊರೆಯುತ್ತಿತ್ತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿಗಳ ಮೂಲಕ ವಿದ್ಯುಚ್ಛಕ್ತಿ ಇಲ್ಲಿಗೆ ಹರಿದು ಬಂದಿತು. ಅಂದಿನ ಕಾಲಕ್ಕೆ ಅದು ಜಗತ್ತಿನಲ್ಲಿಯೇ ಅತಿ ಉದ್ದವಾದ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು. ಕಾಲಕ್ರಮದಲ್ಲಿ ವಿದ್ಯುತ್ ಮೋಟಾರು ಉಗಿಯ ಸ್ಥಾನವನ್ನು ಆಕ್ರಮಿಸಿತು. ಜೀಪಿನ ವಿಂಚಿನಲ್ಲಿರುವುದೂ ವಿದ್ಯುತ್ ಮೋಟಾರೇ. ಅದಕ್ಕೆ ಗಾಡಿಯ 12 ವೋಲ್ಟಿನ ಬ್ಯಾಟರಿಯಿಂದ ಶಕ್ತಿ ಬರುತ್ತದೆ.

ಈ ಚಿಕ್ಕ ಮೋಟಾರು ಟನ್ನುಗಟ್ಟಲೆ ಭಾರವನ್ನು ಎಳೆಯುವುದು ಹೇಗೆ? ಉತ್ತರವು ಹಲ್ಲುಗಾಲಿಗಳಲ್ಲಿದೆ. ಕಾರ್ಯವೆಂದರೆ ಬಲ ಮತ್ತು ದೂರ ಇವುಗಳ ಗುಣಲಬ್ಧ ಎಂದು ಪಾಠದಲ್ಲಿ ಓದಿದ್ದೇವೆ. ಯಾವ ಯಂತ್ರವೂ ಕಾರ್ಯವನ್ನು ಶೂನ್ಯದಿಂದ ಸೃಷ್ಟಿಸಲಾರದು. ಆದರೆ ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯಬಹುದು. ಇಂದಿನ ವಿಂಚುಗಳಲ್ಲಿ ಸಾಮಾನ್ಯವಾಗಿ ಗ್ರಹಚಕ್ರದ ಜೋಡಣೆ ಇರುತ್ತದೆ. ನಡುವೆ ಒಂದು ಸೂರ್ಯಚಕ್ರ, ಅದರ ಸುತ್ತ ಉರುಳುವ ಮೂರು ಗ್ರಹಚಕ್ರಗಳು, ಇವೆಲ್ಲವನ್ನೂ ಆವರಿಸಿ ಒಳಮೈಯಲ್ಲಿ ಹಲ್ಲುಗಳಿರುವ ಒಂದು ಉಂಗುರಚಕ್ರ. ಉಂಗುರವು ಸ್ಥಿರವಾಗಿದ್ದು ಸೂರ್ಯಚಕ್ರ ತಿರುಗಿದಾಗ, ಗ್ರಹಚಕ್ರಗಳನ್ನು ಹೊತ್ತ ಚೌಕಟ್ಟು ನಿಧಾನವಾಗಿ ಸುತ್ತುತ್ತದೆ. ಇಂಥ ಒಂದು ಜೋಡಣೆ ವೇಗವನ್ನು ಆರರಲ್ಲಿ ಒಂದು ಪಾಲಿಗೆ ಇಳಿಸಿದರೆ, ಒಂದರ ಹಿಂದೆ ಒಂದಾಗಿ ಮೂರನ್ನು ಜೋಡಿಸಿದಾಗ 6 x 6 x 6, ಅಂದರೆ 216ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಮೋಟಾರು ನಿಮಿಷಕ್ಕೆ 2160 ಸುತ್ತು ಸುತ್ತಿದರೆ ಡ್ರಮ್ಮು 10 ಸುತ್ತು ಸುತ್ತುತ್ತದೆ. ಮೊದಲನೆಯ ಪದರದ ವ್ಯಾಸ 73 ಮಿಲಿಮೀಟರು. ಆದುದರಿಂದ ಒಂದು ಸುತ್ತಿಗೆ 229 ಮಿಲಿಮೀಟರು ಹಗ್ಗ, ನಿಮಿಷಕ್ಕೆ ಸುಮಾರು 2.3 ಮೀಟರು ಹಗ್ಗ ಒಳಕ್ಕೆ ಬರುತ್ತದೆ. ಬಲದ ಲೆಕ್ಕವನ್ನೂ ನೋಡೋಣ. ಹಲ್ಲುಗಾಲಿಗಳ ಘರ್ಷಣೆಯನ್ನು ಬಿಟ್ಟರೆ, 4000 ಕಿಲೋಗ್ರಾಂ ಎಳೆತಕ್ಕೆ ಮೋಟಾರಿನ ಅಚ್ಚಿನಲ್ಲಿ ಬೇಕಾಗುವ ತಿರುಚುಬಲ, ಒಂದು ಮೀಟರು ಉದ್ದದ ಕೋಲಿನ ತುದಿಗೆ 680 ಗ್ರಾಂ ತೂಕವನ್ನು ತೂಗುಹಾಕಿದಷ್ಟೇ. ಇದಕ್ಕೆ ಬೇಕಾದ ಸಾಮರ್ಥ್ಯ ಸುಮಾರು 2 ಅಶ್ವಶಕ್ತಿ ಮಾತ್ರ. ಘರ್ಷಣೆಯಿಂದಲೂ ಮೋಟಾರಿನ ಕಾವಿನಿಂದಲೂ ಬಹಳಷ್ಟು ಶಕ್ತಿ ನಷ್ಟವಾಗುವುದರಿಂದ ಬ್ಯಾಟರಿಯಿಂದ ನೂರಾರು ಆಂಪಿಯರ್ ವಿದ್ಯುತ್ತು ಹರಿಯಬೇಕಾಗುತ್ತದೆ. ಆದಕಾರಣ ಗಾಡಿಯ ಎಂಜಿನ್ನನ್ನು ನಡೆಸುತ್ತಲೇ ವಿಂಚನ್ನು ಬಳಸಬೇಕು. ಸ್ವಲ್ಪ ಹೊತ್ತು ಎಳೆದು, ನಿಲ್ಲಿಸಿ, ಮೋಟಾರು ತಣಿಯಗೊಟ್ಟು ಮತ್ತೆ ಎಳೆಯಬೇಕು.

ಈ ವೇಗದಲ್ಲಿ ಗಣಿ ನಡೆದೀತೇ ಎಂದು ಕೇಳಬಹುದು. 2 ಕಿಲೋಮೀಟರು ಆಳದಿಂದ ಕೆಲಸಗಾರನನ್ನು ನಿಮಿಷಕ್ಕೆ 2.3 ಮೀಟರಿನಂತೆ ಎತ್ತಿದರೆ ಅವನು ಮೇಲಕ್ಕೆ ಬರಲು ಹದಿನಾಲ್ಕೂವರೆ ಗಂಟೆ ಹಿಡಿಯುತ್ತದೆ. ಅದೇ ಸೆಕೆಂಡಿಗೆ 10 ಮೀಟರಿನಂತೆ ಎತ್ತಿದರೆ ಮೂರೂಕಾಲು ನಿಮಿಷಕ್ಕಿಂತ ತುಸು ಹೆಚ್ಚು. ಆದರೆ ಆ ವೇಗದಲ್ಲಿ 5000 ಕಿಲೋಗ್ರಾಂ ಭಾರವನ್ನು ಎತ್ತಲು ಸುಮಾರು 650 ಅಶ್ವಶಕ್ತಿ ಬೇಕು. ಭಾರದಲ್ಲಿ ಹೆಚ್ಚೇನೂ ಅಂತರವಿಲ್ಲ. 2 ಅಶ್ವಶಕ್ತಿಗೂ 650ಕ್ಕೂ ಇರುವ ಅಂತರವೆಲ್ಲವೂ ವೇಗಕ್ಕಾಗಿ ತೆತ್ತ ಬೆಲೆ. ಬಲಕ್ಕೂ ಸಾಮರ್ಥ್ಯಕ್ಕೂ ಇರುವ ಭೇದವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ದುರ್ಲಭ.

ಬ್ರೇಕು

ಈಗ ಅತಿ ಮುಖ್ಯವಾದ ಅಂಗಕ್ಕೆ ಬಂದೆವು. ಮೋಟಾರು ನಿಂತಿತು, ಅಥವಾ ವಿದ್ಯುತ್ತು ಹಠಾತ್ತಾಗಿ ಕಡಿದುಹೋಯಿತು ಎಂದುಕೊಳ್ಳೋಣ. ಆಗ ಭಾರವನ್ನು ಹಿಡಿಯುವುದು ಯಾವುದು?

ಕೆಲವು ವಿಂಚುಗಳಲ್ಲಿ ತಿರುಪುಚಕ್ರದ ಜೋಡಣೆ ಇರುತ್ತದೆ. ತಿರುಪು ಹಲ್ಲುಗಾಲಿಯನ್ನು ತಿರುಗಿಸಬಲ್ಲದು, ಆದರೆ ಹಲ್ಲುಗಾಲಿ ತಿರುಪನ್ನು ತಿರುಗಿಸಲಾರದು. ತಿರುಪಿನ ಇಳಿಜಾರು ಬಹಳ ಕಡಿಮೆಯಿರುವುದರಿಂದ ಘರ್ಷಣೆಯೇ ಅದನ್ನು ಕಚ್ಚಿ ಹಿಡಿಯುತ್ತದೆ. ಆದರೆ ಹಿಂದಕ್ಕೆ ಜಾರದಂತೆ ತಡೆಯುವ ಘರ್ಷಣೆಯು ಮುಂದಕ್ಕೆ ಎಳೆಯುವಾಗಲೂ ಅಲ್ಲಿಯೇ ಇರುತ್ತದಷ್ಟೆ. ಆದಕಾರಣ ಇಂಥ ಜೋಡಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಕಾವಾಗಿ ವ್ಯರ್ಥವಾಗುತ್ತದೆ. ಗ್ರಹಚಕ್ರದ ಜೋಡಣೆಯಲ್ಲಿ ಈ ನಷ್ಟ ಕಡಿಮೆ. ಆದರೆ ಅದು ತಾನಾಗಿ ಹಿಡಿಯುವುದೂ ಇಲ್ಲ. ಹೀಗಾಗಿ ಅದಕ್ಕೆ ಪ್ರತ್ಯೇಕವಾದ ಬ್ರೇಕು ಬೇಕೇ ಬೇಕು. ಅನೇಕ ವಿಂಚುಗಳಲ್ಲಿ ಇದು ಡ್ರಮ್ಮಿನ ಒಳಗೇ ಅಡಗಿರುತ್ತದೆ. ಮೋಟಾರು ತಿರುಗುತ್ತಿರುವವರೆಗೆ ಬ್ರೇಕು ಸಡಿಲವಾಗಿರುತ್ತದೆ. ಮೋಟಾರು ನಿಂತೊಡನೆ ಭಾರದ ಹಿಂದೆಳೆತವೇ ಬ್ರೇಕನ್ನು ಬಿಗಿಯುತ್ತದೆ.

ಭಾರವಿರುವ ಹಗ್ಗವನ್ನು ಮೋಟಾರಿನಿಂದ ಹೊರಕ್ಕೆ ಬಿಡುವಾಗ ಬ್ರೇಕು ಉಜ್ಜುತ್ತಲೇ ಇದ್ದು ಬಹಳ ಕಾಯುತ್ತದೆ. ಆ ಕಾವು ಡ್ರಮ್ಮಿಗೂ ಹರಡುವುದರಿಂದ ಕೃತಕ ನಾರಿನ ಹಗ್ಗವು ಮೆತ್ತಗಾಗಿ ಕೆಡುವ ಸಂಭವವುಂಟು. ಇದಕ್ಕಾಗಿ ಕೆಲವು ತಯಾರಕರು ಬ್ರೇಕನ್ನು ಡ್ರಮ್ಮಿನಿಂದ ಹೊರಗೆ, ಹಲ್ಲುಗಾಲಿಗಳ ಪೆಟ್ಟಿಗೆಯ ಕಡೆಗೆ ಇಡುತ್ತಾರೆ.

ಗಣಿಯ ವೈಂಡಿಂಗ್ ಎಂಜಿನ್ನಿನಲ್ಲಿ ಬ್ರೇಕಿನ ಮರದ ಅಥವಾ ಇತರ ಪದಾರ್ಥದ ದೊಡ್ಡ ದಿಮ್ಮಿಗಳು ಡ್ರಮ್ಮಿನ ಅಂಚನ್ನು ಒತ್ತುತ್ತವೆ. ಅವುಗಳನ್ನು ಒತ್ತುವುದು ಯಾವುದು ಎಂಬುದೇ ಇಲ್ಲಿಯ ಮುಖ್ಯಾಂಶ. ಉಗಿಯೂ ಅಲ್ಲ, ವಿದ್ಯುತ್ತೂ ಅಲ್ಲ. ತೂಗುಹಾಕಿದ ಭಾರವಾದ ಗುಂಡುಗಳು ಅಥವಾ ಬಲವಾದ ಸುರುಳಿ ಬಿಲ್ಲುಗಳು. ಎಂಜಿನ್ನಿನ ಶಕ್ತಿಯು ಬ್ರೇಕನ್ನು ಹಾಕುವುದಕ್ಕಲ್ಲ, ಹಾಕಿದ ಬ್ರೇಕನ್ನು ಎತ್ತಿ ಹಿಡಿಯುವುದಕ್ಕೆ ವೆಚ್ಚವಾಗುತ್ತದೆ. ಶಕ್ತಿ ನಿಂತುಹೋದರೆ ಗುಂಡುಗಳು ತಾವಾಗಿ ಬೀಳುತ್ತವೆ, ಬ್ರೇಕು ಕಚ್ಚುತ್ತದೆ, ಪಂಜರ ನಿಂತಲ್ಲಿಯೇ ನಿಲ್ಲುತ್ತದೆ. ಯಂತ್ರವು ಕೆಟ್ಟರೂ ಕ್ಷೇಮದ ಕಡೆಗೇ ಕೆಡಬೇಕು ಎಂಬ ಈ ತತ್ತ್ವ ಎಂಜಿನಿಯರಿಂಗ್ ಶಾಸ್ತ್ರದ ಅಮೂಲ್ಯವಾದ ಪಾಠಗಳಲ್ಲಿ ಒಂದು.

ಹಗ್ಗ

ಹಿಂದಿನ ಗಣಿಗಳಲ್ಲಿ ನಾರಿನ ಹಗ್ಗವನ್ನೂ ಕಬ್ಬಿಣದ ಸರಪಣಿಯನ್ನೂ ಬಳಸುತ್ತಿದ್ದರು. ಸರಪಣಿಯಲ್ಲಿ ಒಂದು ಕೊಂಡಿ ಮುರಿದರೆ ಎಲ್ಲವೂ ಹೋಯಿತು. 1834ರಲ್ಲಿ ಜರ್ಮನಿಯ ಕ್ಲೌಸ್ಟಾಲ್ ಗಣಿಪ್ರದೇಶದಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಅಧಿಕಾರಿ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿಸಿದನು. ತಂತಿಗಳನ್ನು ಹೊಸೆದರೆ ಎಳೆ, ಎಳೆಗಳನ್ನು ಹೊಸೆದರೆ ಹಗ್ಗ. ಇದರಲ್ಲಿ ಒಂದೆರಡು ತಂತಿಗಳು ಕಡಿದರೂ ಉಳಿದುವು ಭಾರವನ್ನು ಹಂಚಿಕೊಳ್ಳುತ್ತವೆ. ಅಷ್ಟೇ ಅಲ್ಲ, ಕಡಿದ ತಂತಿಯ ತುದಿ ಹೊರಗೆ ಕಾಣಿಸಿಕೊಂಡು, ಹಗ್ಗಕ್ಕೆ ವಯಸ್ಸಾಯಿತೆಂದು ಮುಂಚಿತವಾಗಿ ಎಚ್ಚರಿಸುತ್ತದೆ. ಗಣಿಗಳಲ್ಲಿ ಹಗ್ಗವನ್ನು ದಿನವೂ ಕ್ರಮವಾಗಿ ಪರೀಕ್ಷಿಸುವುದು ಇದಕ್ಕಾಗಿಯೇ.

ಆಳವಾದ ಗಣಿಯಲ್ಲಿ ಹಗ್ಗಕ್ಕೆ ದೊಡ್ಡ ಶತ್ರು ಅದರ ತೂಕವೇ. ಒಳ್ಳೆಯ ಉಕ್ಕಿನ ತಂತಿಯ ಬಲ ಚದರ ಮಿಲಿಮೀಟರಿಗೆ 1770 ನ್ಯೂಟನ್ ಎಂದು ಹಿಡಿಯೋಣ. ಅಂಥ ತಂತಿಯನ್ನು ಮೇಲಿನಿಂದ ಇಳಿಬಿಡುತ್ತ ಹೋದರೆ ಸುಮಾರು 23 ಕಿಲೋಮೀಟರು ಉದ್ದವಾದಾಗ ಅದು ತನ್ನ ತೂಕದಿಂದಲೇ ಕಡಿಯುತ್ತದೆ. ಹೊಸೆಯುವುದರಿಂದ ಬಲವು ಕೊಂಚ ಕುಗ್ಗುವುದಾದಕಾರಣ ಹಗ್ಗಕ್ಕೆ 20 ಕಿಲೋಮೀಟರು ಎನ್ನೋಣ. ಆದರೆ ಕಡಿಯುವ ಅಂಚಿನವರೆಗೆ ಹಗ್ಗವನ್ನು ಯಾರೂ ಬಳಸುವುದಿಲ್ಲ. ಕ್ಷೇಮಾಂಶ 5 ಇರಬೇಕೆಂದರೆ, ಅಂದರೆ ತಡೆಯಬಲ್ಲ ಭಾರದ ಐದನೆಯ ಒಂದು ಭಾಗವನ್ನು ಮಾತ್ರ ಹೊರಿಸಬೇಕೆಂದರೆ, 4 ಕಿಲೋಮೀಟರು ಹಗ್ಗದ ತೂಕವೇ ಮಿತಿ. 2 ಕಿಲೋಮೀಟರು ಆಳದಲ್ಲಿ ಈ ಮಿತಿಯ ಅರ್ಧವನ್ನು ಹಗ್ಗವೇ ನುಂಗುತ್ತದೆ. 3.2 ಕಿಲೋಮೀಟರು ಆಳದಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಹಗ್ಗವೇ ನುಂಗಿ, ಪಂಜರಕ್ಕೂ ಮನುಷ್ಯರಿಗೂ ಅದಿರಿಗೂ ಒಂದು ಪಾಲು ಮಾತ್ರ ಉಳಿಯುತ್ತದೆ. ಹಗ್ಗವನ್ನು ದಪ್ಪಗೊಳಿಸಿದರೆ ಪ್ರಯೋಜನವಿಲ್ಲ. ಬಲವು ಎಷ್ಟು ಪಟ್ಟು ಹೆಚ್ಚುವುದೋ ತೂಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ.

ಈ 3.2 ಕಿಲೋಮೀಟರು ಎಂಬುದು ಕೇವಲ ಲೆಕ್ಕಕ್ಕಾಗಿ ಆರಿಸಿದ ಸಂಖ್ಯೆಯಲ್ಲ. ಚಾಂಪಿಯನ್ ರೀಫ್ ಗಣಿ ಮುಟ್ಟಿದ ಆಳ ಹೆಚ್ಚುಕಡಿಮೆ ಅಷ್ಟು. ಜಗತ್ತಿನ ಅತ್ಯಂತ ಆಳವಾದ ಗಣಿಗಳ ಸಾಲಿನಲ್ಲಿ ಅದು ಸೇರಿತ್ತು. ಅಷ್ಟು ಆಳಕ್ಕೆ ಒಂದೇ ಹಗ್ಗದಲ್ಲಿ ಇಳಿಯುತ್ತಿರಲಿಲ್ಲ. ಗಿಫರ್ಡ್ ಶಾಫ್ಟಿನಂತಹ ಬಾವಿಯಲ್ಲಿ ಒಂದು ಹಂತ ಇಳಿದು, ನೆಲದಡಿಯಲ್ಲಿ ನಡೆದು, ಅಲ್ಲಿಯೇ ಹೂಡಿದ ಮತ್ತೊಂದು ವೈಂಡಿಂಗ್ ಎಂಜಿನ್ನಿನ ಪಂಜರವನ್ನು ಹತ್ತಿ ಕೆಳಗಿನ ಹಂತಕ್ಕೆ ಇಳಿಯಬೇಕಾಗಿತ್ತು. ಹಗ್ಗವು ತನ್ನನ್ನು ತಾನೇ ಹೊರಲಾರದೆ ಹೋಗುವುದೇ ಇದರ ಕಾರಣಗಳಲ್ಲಿ ಒಂದೆಂದು ಮೇಲಿನ ಲೆಕ್ಕದಿಂದ ತಿಳಿಯುತ್ತದೆ.

ಹಗ್ಗದ ಎರಡನೆಯ ಶತ್ರು ಬಾಗುವಿಕೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಅದು ದಣಿದು ಮುರಿಯುತ್ತದೆ. ಗಣಿಯಲ್ಲಿ 40 ಮಿಲಿಮೀಟರು ದಪ್ಪದ ಹಗ್ಗಕ್ಕೆ 4 ಮೀಟರು ವ್ಯಾಸದ ಡ್ರಮ್ಮನ್ನು ಹಾಕಿದರೆ ಪ್ರಮಾಣ ನೂರಕ್ಕೆ ಒಂದು. ನಮ್ಮ ಜೀಪಿನ ವಿಂಚಿನಲ್ಲಿ 64 ಮಿಲಿಮೀಟರಿನ ಡ್ರಮ್ಮಿನ ಮೇಲೆ 9 ಮಿಲಿಮೀಟರಿನ ಹಗ್ಗ; ಪ್ರಮಾಣ ಏಳಕ್ಕೆ ಒಂದು ಮಾತ್ರ. ಜೀಪಿನ ವಿಂಚನ್ನು ಅಪರೂಪಕ್ಕೆ ಬಳಸುವುದರಿಂದ ಇದು ನಡೆಯುತ್ತದೆ. ಆದರೆ ಅದರ ಹಗ್ಗವನ್ನು ಮನುಷ್ಯರನ್ನು ಎತ್ತಲು ಎಂದಿಗೂ ಉಪಯೋಗಿಸತಕ್ಕದ್ದಲ್ಲ ಎಂಬುದೂ ಇದರಿಂದಲೇ ಸ್ಪಷ್ಟವಾಗುತ್ತದೆ.

ದಾರಿ ತೋರುವ ರಾಟೆ, ಕ್ಲಚ್ಚು, ಸ್ವಿಚ್ಚು

ಹೆಡ್‌ಗೇರು ಎಂಬ ಕಬ್ಬಿಣದ ಗೋಪುರದ ತಲೆಯಲ್ಲಿ ದೊಡ್ಡ ರಾಟೆಗಳಿರುತ್ತವೆ. ಎಂಜಿನ್ನಿನ ಮನೆಯಿಂದ ಓರೆಯಾಗಿ ಬಂದ ಹಗ್ಗವು ರಾಟೆಯ ತೋಡಿನಲ್ಲಿ ತಿರುಗಿ ನೇರವಾಗಿ ಬಾವಿಗೆ ಇಳಿಯುತ್ತದೆ. ಎಂಜಿನ್ನಿನ ಮನೆಯನ್ನು ಬಾವಿಯಿಂದ ಸಾಕಷ್ಟು ದೂರದಲ್ಲಿ ಕಟ್ಟುವುದಕ್ಕೆ ಕಾರಣವುಂಟು. ಹಗ್ಗವು ಡ್ರಮ್ಮಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಸರಿದಾಗ ರಾಟೆಯೊಡನೆ ಉಂಟಾಗುವ ಓರೆ ಒಂದೂವರೆ ಡಿಗ್ರಿಯನ್ನು ಮೀರದಿದ್ದರೆ ಸುತ್ತುಗಳು ಒತ್ತಾಗಿ ಕೂರುತ್ತವೆ, ತಂತಿಗಳೂ ಸವೆಯುವುದಿಲ್ಲ. ಜೀಪಿನಲ್ಲಿ ಈ ಕೆಲಸಕ್ಕೆ ಫೇರ್‌ಲೀಡ್ ಎಂಬ ಬಾಯಿ ಇದೆ. ಉಕ್ಕಿನ ಹಗ್ಗಕ್ಕೆ ನಾಲ್ಕು ಉರುಳೆಗಳ ಚೌಕಟ್ಟು. ನಾರಿನ ಹಗ್ಗಕ್ಕೆ ನುಣುಪಾದ ಅಂಚಿನ ಅಲ್ಯೂಮಿನಿಯಂ ಕಂಡಿ. ಓರೆಯಾಗಿ ಎಳೆಯುವಾಗ ಹಗ್ಗವು ಗಾಡಿಯ ಚೂಪಾದ ಅಂಚಿಗೆ ತಗಲಿ ಕೊಯ್ದುಹೋಗದಂತೆ ಇದು ಕಾಪಾಡುತ್ತದೆ.

ಕ್ಲಚ್ಚು ಡ್ರಮ್ಮನ್ನು ಹಲ್ಲುಗಾಲಿಗಳಿಂದ ಬಿಡಿಸುವ ಸನ್ನೆ. ಅದನ್ನು ಬಿಡಿಸಿದರೆ ಡ್ರಮ್ಮು ಸಲೀಸಾಗಿ ತಿರುಗುವುದರಿಂದ ಹಗ್ಗವನ್ನು ಕೈಯಿಂದಲೇ ಹೊರಕ್ಕೆ ಎಳೆದುಕೊಂಡು ಹೋಗಬಹುದು. ಭಾರವಿರುವಾಗ ಇದನ್ನು ಮುಟ್ಟಲೇಬಾರದು. ಬಿಡಿಸಿದ ಕ್ಷಣದಲ್ಲಿ ಬ್ರೇಕಿನ ಸಂಬಂಧವೂ ಕಡಿದು ಗಾಡಿ ಹಿಂದಕ್ಕೆ ಉರುಳುತ್ತದೆ. ಎರಡು ಡ್ರಮ್ಮುಗಳ ವೈಂಡಿಂಗ್ ಎಂಜಿನ್ನಿನಲ್ಲಿಯೂ ಕ್ಲಚ್ಚು ಇರುವುದುಂಟು. ಪಂಜರಗಳು ಬೇರೆ ಬೇರೆ ಮಟ್ಟಗಳಲ್ಲಿ ನಿಲ್ಲಬೇಕಾದಾಗ ಒಂದು ಡ್ರಮ್ಮನ್ನು ಬಿಡಿಸಿ ಹಗ್ಗಗಳ ಉದ್ದವನ್ನು ಹೊಂದಿಸುತ್ತಾರೆ. ಆದರೆ ಆ ಡ್ರಮ್ಮಿನ ಬ್ರೇಕು ಪೂರ್ತಿ ಬಿಗಿಯದ ಹೊರತು ಕ್ಲಚ್ಚು ಬಿಚ್ಚದಂತೆ ಅವೆರಡಕ್ಕೂ ಗಂಟುಹಾಕಿರುತ್ತಾರೆ. ಗಣಿಯಲ್ಲಿ ಯಂತ್ರವೇ ಪಾಲಿಸುವ ಈ ನಿಯಮವನ್ನು ಜೀಪಿನವನು ತಾನೇ ನೆನಪಿಟ್ಟು ಪಾಲಿಸಬೇಕು.

ನೂರಾರು ಆಂಪಿಯರ್ ವಿದ್ಯುತ್ತನ್ನು ಕೈಯಲ್ಲಿ ಹಿಡಿಯುವ ಸ್ವಿಚ್ಚು ತಡೆಯಲಾರದು. ಆದುದರಿಂದ ಕೈಯ ಸ್ವಿಚ್ಚಿನ ಅಲ್ಪ ವಿದ್ಯುತ್ತು ಒಂದು ವಿದ್ಯುತ್ಕಾಂತವನ್ನು ಚಾಲಿಸಿ, ಆ ಕಾಂತವು ದಪ್ಪ ತಾಮ್ರದ ಸಂಪರ್ಕವನ್ನು ಮುಚ್ಚುವುದು. ಇದೇ ಸೊಲೆನಾಯ್ಡ್ ಸ್ವಿಚ್ಚು. ಉದ್ದನೆಯ ತಂತಿಯ ಮೂಲಕ ದೂರದಲ್ಲಿ ನಿಂತು ಯಂತ್ರವನ್ನು ನಡೆಸಲು ಇದು ಅನುಕೂಲ. ಗಣಿಯ ವೈಂಡಿಂಗ್ ಚಾಲಕನಿಗಂತೂ ತಾನು ನಡೆಸುವ ಪಂಜರ ಕಣ್ಣಿಗೆ ಬೀಳುವುದೇ ಇಲ್ಲ. ಗಂಟೆಯ ಸಂಕೇತವೂ, ಪಂಜರ ಎಷ್ಟು ಆಳದಲ್ಲಿದೆಯೆಂದು ತೋರುವ ಆಳಸೂಚಕದ ಮುಳ್ಳೂ ಅವನ ಕಣ್ಣುಗಳು. ಅವನು ಮೈಮರೆತು ಪಂಜರವನ್ನು ಗೋಪುರದ ತಲೆಯವರೆಗೆ ಎಳೆದುಬಿಟ್ಟರೆ? ಅದಕ್ಕೂ ಉಪಾಯವುಂಟು. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಆರ್ಮರಾಡ್ ಎಂಬಾತನು ಬಳಕೆಗೆ ತಂದಂತಹ ಬಿಡುಗಡೆಯ ಕೊಕ್ಕೆಯು ಗೋಪುರದಲ್ಲಿರುವ ಉಕ್ಕಿನ ಕಂಡಿಯೊಳಕ್ಕೆ ಹೊಕ್ಕೊಡನೆ ಹಗ್ಗವನ್ನು ಬಿಟ್ಟುಬಿಡುತ್ತದೆ. ಅದೇ ಕ್ಷಣದಲ್ಲಿ ಅದರ ರೆಕ್ಕೆಗಳು ಅರಳಿ ಕಂಡಿಯ ಮೇಲೆ ಕೂತು ಪಂಜರವನ್ನು ತೂಗುಹಾಕಿಕೊಳ್ಳುತ್ತವೆ. ಇಲ್ಲಿಯೂ ಕಡೆಗೆ ಗೆಲ್ಲುವುದು ಹಿಡಿಯುವ ಅಂಗವೇ.

ಬಳಸುವವರಿಗೆ ಕೆಲವು ಮಾತುಗಳು

ಗಾಡಿಯ ತುಂಬು ತೂಕದ ಒಂದೂವರೆ ಪಟ್ಟು ಎಳೆಯಬಲ್ಲ ವಿಂಚನ್ನು ಆರಿಸುವುದು ವಾಡಿಕೆ. ಕೆಸರು ಅಚ್ಚಿನವರೆಗೆ ಏರಿದ್ದರೆ ಗಾಡಿಯನ್ನು ಕದಲಿಸಲು ಅದರ ತೂಕದಷ್ಟೇ ಬಲ ಬೇಕಾಗಬಹುದು; ಇಳಿಜಾರೂ ಸೇರಿದರೆ ಮತ್ತಷ್ಟು. ಬಲ ಸಾಲದಾದಾಗ ಸ್ನ್ಯಾಚ್ ಬ್ಲಾಕು ಎಂಬ ರಾಟೆಯನ್ನು ಮರಕ್ಕೆ ಕಟ್ಟಿ, ಹಗ್ಗವನ್ನು ಅದರ ಮೂಲಕ ಹಾಯಿಸಿ ಕೊಕ್ಕೆಯನ್ನು ಗಾಡಿಗೇ ತಂದು ಸಿಕ್ಕಿಸಬೇಕು. ಆಗ ಎಳೆತವು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ವೇಗ ಅರ್ಧವಾಗುತ್ತದೆ. ಹಗ್ಗ ಹೆಚ್ಚಾಗಿ ಬಿಚ್ಚುವುದರಿಂದ ಡ್ರಮ್ಮಿನ ಮೇಲೆ ಪದರಗಳು ಕಡಿಮೆಯಾಗಿ ಇನ್ನೊಂದು ಲಾಭವೂ ಸಿಕ್ಕುತ್ತದೆ.

ಬಿಗಿಯಾದ ಹಗ್ಗವು ಎಳೆದ ಬಿಲ್ಲಿನಂತೆ ಶಕ್ತಿಯನ್ನು ತುಂಬಿಕೊಂಡಿರುತ್ತದೆ. ಅದು ಕಡಿದರೆ ಆ ಶಕ್ತಿಯೆಲ್ಲವೂ ಒಮ್ಮೆಗೇ ಚಾವಟಿಯಾಗಿ ಹೊರಬೀಳುತ್ತದೆ. ಆದುದರಿಂದ ಹಗ್ಗದ ಮೇಲೆ ದಪ್ಪ ಕಂಬಳಿಯನ್ನು ಹೊದಿಸಬೇಕು. ಯಾರೂ ಹಗ್ಗವನ್ನು ದಾಟಬಾರದು, ಅದರ ನೇರದಲ್ಲಿ ನಿಲ್ಲಬಾರದು. ಉಕ್ಕಿನ ಹಗ್ಗವನ್ನು ಚರ್ಮದ ಕೈಗವಸು ಇಲ್ಲದೆ ಮುಟ್ಟಬಾರದು. ಕೆಲಸ ಮುಗಿದ ಮೇಲೆ ಹಗ್ಗವನ್ನು ಸ್ವಲ್ಪ ಬಿಗಿತದಲ್ಲಿಯೇ ಸುತ್ತಬೇಕು. ಸಡಿಲವಾಗಿ ಸುತ್ತಿದರೆ ಮುಂದಿನ ಸಲ ಮೇಲಿನ ಪದರವು ಕೆಳಗಿನದರೊಳಕ್ಕೆ ಕೊರೆದುಕೊಂಡು ಇಳಿದು ಸಿಕ್ಕಿಕೊಳ್ಳುತ್ತದೆ.

ಚಾಂಪಿಯನ್ ರೀಫ್ಸ್‌ನ ಹಗ್ಗಗಳು ಕೇವಲ ಚಿನ್ನದ ಕಲ್ಲನ್ನು ಹೊತ್ತುವೆಂದು ಭಾವಿಸಬಾರದು. 1965ರಲ್ಲಿ ಇಲ್ಲಿಯ ಗಣಿಯಲ್ಲಿ ಸುಮಾರು 2.3 ಕಿಲೋಮೀಟರು ಆಳದಲ್ಲಿ ಭಾರತ, ಜಪಾನು ಮತ್ತು ಬ್ರಿಟನ್ನಿನ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಗುರುತನ್ನು ಕಂಡರು. ಅವರೂ ಅವರ ಸೂಕ್ಷ್ಮ ಉಪಕರಣಗಳೂ ಅಷ್ಟು ಆಳವನ್ನು ತಲುಪಿದುದು ಇದೇ ಪಂಜರಗಳಲ್ಲಿ. ಗಣಿಗಳು ಮುಚ್ಚಿದರೂ ಯಂತ್ರವಿದ್ಯೆ ಈ ಊರನ್ನು ಬಿಟ್ಟುಹೋಗಲಿಲ್ಲ. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಕೆ.ಜಿ.ಎಫ್.ನ ತನ್ನ ಕಾರ್ಖಾನೆಯಲ್ಲಿ ದಾರಿಯಿಲ್ಲದ ನೆಲದ ಮೇಲೆ ದುಡಿಯುವ ಭಾರಿ ಯಂತ್ರಗಳನ್ನು ನಿರ್ಮಿಸುತ್ತ ಬಂದಿದೆ.

ಮುಂದೆ ಎಂದಾದರೂ ವಿಂಚನ್ನು ನೋಡುವ ಸಂದರ್ಭ ಒದಗಿದಾಗ, ಅದು ಎಷ್ಟು ಎಳೆಯುತ್ತದೆ ಎಂಬ ಪ್ರಶ್ನೆಯೊಡನೆ ಇನ್ನೊಂದನ್ನೂ ಕೇಳಬೇಕು: ಮೋಟಾರು ನಿಂತಾಗ ಅದು ಎಷ್ಟನ್ನು ಹಿಡಿಯುತ್ತದೆ, ಯಾವುದರಿಂದ ಹಿಡಿಯುತ್ತದೆ? ನೂರಿಪ್ಪತ್ತು ವರ್ಷಗಳ ಕಾಲ ಈ ಬಾವಿಗಳಿಗೆ ಇಳಿದವರ ಪ್ರಾಣವೆಲ್ಲವೂ ಆ ಎರಡನೆಯ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿತ್ತು.